ಸದ್ದಡಗಿಸಿದ ಹನಿ

ಸೂಕ್ಷ್ಮಾಣುಗಳಿಗೂ ಸದ್ದಿದೆ ಎಂದು ಇಂದುಮತಿ ಹೇಳಿದ ದಿನ ಅವಳ ಅತ್ತೆ ಶಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ ಹಿಡಿದು ಕೇಳಿದರು.

“ಏನಂತ ಸದ್ದ ಮಾಡ್ತಾವು? ಹಾಡ್ತಾವೇನ?”

“ಹಾಡೂದಿಲ್ಲ ಅತ್ತೀ, ಮಿಸುಕಾಡ್ತಾವು. ಜೀವ ಇದ್ದದ್ದು ಯಾವುದೂ ಸುಮ್ಮನ ಕುಂದ್ರೂದಿಲ್ಲ. ಬಾಲ ಬಡಿತೈತಿ, ಮೈ ನಡಗಸ್ತೈತಿ. ಆ ನಡುಕನ್ನ ನಾವು ಸದ್ದ ಮಾಡಿ ಕೇಳ್ತೀವಿ.”

“ಸತ್ತ ಮ್ಯಾಲ?”

“ಸತ್ತ ಮ್ಯಾಲ ಸುಮ್ಮ ಆಗ್ತಾವು.”

ಶಾವಂತ್ರವ್ವ ಹಿಟ್ಟಿನ ಕೈ ಇಳಿಸಿದರು. “ಇದನ್ನ ತಿಳ್ಕೊಳ್ಳಾಕ ನೀ ಅಷ್ಟ ವರ್ಷ ಓದಬೇಕಾತೇನ?” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದರು.

ಇದು ಇನ್ನೂ ಬರಬೇಕಾಗಿರುವ ಕಾಲದ ಮಾತು, ಆದರೆ ತೀರ ದೂರದ್ದಲ್ಲ. ಹುಬ್ಬಳ್ಳಿಯೂ ಧಾರವಾಡವೂ ನಡುವಿನ ಬಯಲನ್ನೆಲ್ಲ ನುಂಗಿ ಒಂದೇ ಊರಾಗಿದ್ದವು. ಔಷಧದ ಅಂಗಡಿಗಳಲ್ಲಿ ಕಣ್ಣಿನ ಹನಿಗಳಿಗೇನೂ ಬರವಿರಲಿಲ್ಲ. ಆದರೆ ಯಾವ ಹನಿ ಯಾರ ಕಣ್ಣಿಗೆ ನಾಟುತ್ತದೆ ಎಂದು ಧೈರ್ಯವಾಗಿ ಹೇಳುವವರೇ ಇರಲಿಲ್ಲ. ಕಣ್ಣು ಕೆಂಪಾದರೆ ಸಾಕು, ಜನ ತಮಗೆ ತೋಚಿದ ಬಾಟಲಿ ಕೊಂಡು ಎರಡು ದಿನ ಬಿಟ್ಟುಕೊಂಡು, ಉರಿ ಕಡಿಮೆಯಾದೊಡನೆ ನಿಲ್ಲಿಸುತ್ತಿದ್ದರು. ಅರ್ಧ ಪೆಟ್ಟು ತಿಂದು ಬದುಕಿದ ಬ್ಯಾಕ್ಟೀರಿಯಾಗಳು ಆ ಔಷಧದ ವರಸೆಯನ್ನು ಕಲಿತುಕೊಂಡವು. ಒಂದು ಹನಿ ಸೋತರೆ ವೈದ್ಯರು ಮತ್ತೊಂದು ಬರೆಯುವರು. ಅದೂ ಸೋತರೆ ಮಗದೊಂದು. ಪ್ರಯೋಗಾಲಯದಲ್ಲಿ ಕೀವನ್ನು ಬೆಳೆಸಿ ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವ ಹಳೆಯ ಕ್ರಮವೇನೋ ಇತ್ತು. ಆದರೆ ಅದರ ವರದಿ ಬರುವಷ್ಟರಲ್ಲಿ ಕೆಲವು ಕಣ್ಣುಗಳ ಕಥೆ ಮುಗಿದೇ ಹೋಗಿರುತ್ತಿತ್ತು.

ಇಂದುಮತಿ ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಯಲ್ಲಿ ಸೂಕ್ಷ್ಮಾಣು ವಿಜ್ಞಾನಿ. ಆ ಕಾಯುವಿಕೆಯನ್ನು ಕಳೆಯಲೆಂದೇ ಅವಳು ನಾಲ್ಕು ವರ್ಷ ಕೂತು ಒಂದು ಉಪಕರಣ ಮಾಡಿದ್ದಳು. ಉಗುರಿನಗಲದ ಗಾಜಿನ ಚಿಪ್ಪು, ಅದರಲ್ಲಿ ಎಂಟು ಸಣ್ಣ ಕುಳಿಗಳು. ಪ್ರತಿ ಕುಳಿಯ ಬಾಯಿಗೂ ಇಂಗಾಲದ ಒಂದೇ ಪದರದ ಪೊರೆಯನ್ನು ಚರ್ಮವಾದ್ಯಕ್ಕೆ ಬಿಗಿದಂತೆ ಬಿಗಿದಿತ್ತು. ರೋಗಿಯ ಕಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾಗಳನ್ನು ಆ ಪೊರೆಗಳ ಮೇಲೆ ಕೂರಿಸಿದರೆ ಅವುಗಳ ಮಿಸುಕಾಟಕ್ಕೆ ಪೊರೆ ನಡುಗುತ್ತದೆ. ಲೇಸರ್ ಕಿರಣವೊಂದು ಆ ನಡುಕವನ್ನು ಅಳೆಯುತ್ತದೆ, ಕಂಪ್ಯೂಟರು ಅದನ್ನು ಕಿವಿಗೆ ಕೇಳುವ ಸದ್ದಾಗಿಸುತ್ತದೆ. ಎಂಟು ಕುಳಿಗೆ ಎಂಟು ಬಗೆಯ ಹನಿ ಹಾಕಿ ಕಾದರೆ ಆಯಿತು. ಯಾವ ಕುಳಿ ಮೌನವಾಗುತ್ತದೋ ಅದರೊಳಗಿನ ಹನಿ ಆ ಕಣ್ಣಿಗೆ ಸರಿಯಾದ ಹನಿ. ಒಂದು ಗಂಟೆಯೊಳಗೆ ಉತ್ತರ.

ಅದಕ್ಕೆ ಹೆಸರಿಟ್ಟವನು ಅವಳ ಗಂಡ ಚನ್ನವೀರ. ಅವನದು ಹಕ್ಕಿಗಳ ದನಿಯನ್ನು ಮುದ್ರಿಸಿಕೊಳ್ಳುವ ಕೆಲಸ. ವರ್ಷದ ಅರ್ಧ ಭಾಗ ದಾಂಡೇಲಿಯ ಕಾಡಿನಲ್ಲಿ ಮೈಕು ಹಿಡಿದು ಕೂತಿರುತ್ತಿದ್ದ.

“ಆಲಿ ಅಂತ ಇಡು,” ಎಂದಿದ್ದ. “ಕಣ್ಣಾಲಿನೂ ಆಲಿ, ಆಲಿಸೂದೂ ಆಲಿ. ಎರಡೂ ಕೆಲಸ ಒಂದ ಹೆಸರಿನಾಗ ಮುಗೀತು.”

ರೋಗಿಗಳ ಚಿಕಿತ್ಸೆಗೆ ಆಲಿಯನ್ನು ನೆಚ್ಚಲು ಮಾತ್ರ ಇನ್ನೂ ಅಪ್ಪಣೆಯಿರಲಿಲ್ಲ. ಆಸ್ಪತ್ರೆಯ ನೈತಿಕ ಸಮಿತಿ ಹಳೆಯ ಪರೀಕ್ಷೆಯ ಜೊತೆಜೊತೆಗೆ ಇದನ್ನೂ ನಡೆಸಿ ತಾಳೆ ನೋಡಲಷ್ಟೇ ಒಪ್ಪಿತ್ತು. ಕಾರ್ನಿಯಾ ತಜ್ಞ ಡಾಕ್ಟರ್ ಮಹಿಷಿಯವರಂತೂ ಮೊದಲೇ ಹೇಳಿಬಿಟ್ಟಿದ್ದರು. ಅವರದು ಐವತ್ತೆಂಟರ ವಯಸ್ಸು, ಬಾಯಿ ಖಾರ, ಕೈ ಬೆಣ್ಣೆ.

“ಇಂದುಮತಿ, ನಿನ್ನ ಮಷೀನು ಛಂದ ಅದ. ಆದ್ರ ಸಂಗೀತ ಕೇಳಿ ನಾ ಔಷಧ ಬರೆಯೂದಿಲ್ಲ.”

ಹೀಗಿರುವಾಗ ಒಂದು ಬೆಳಿಗ್ಗೆ ಹಳಿಯಾಳದ ಕಡೆಯಿಂದ ಜನಾಬಾಯಿ ಬಂದಳು.

ಜನಾಬಾಯಿ ಗೌಳಿಗೆ ಇಪ್ಪತ್ತು ವರ್ಷ. ಎಮ್ಮೆ ಸಾಕುವ ಮನೆಯ ಹುಡುಗಿ, ಕುಸ್ತಿ ಆಡುವವಳು. ರಾಜ್ಯದ ಪರವಾಗಿ ಅಖಾಡಕ್ಕಿಳಿಯಲು ಆಯ್ಕೆಯಾಗಿದ್ದಳು. ಬಲಗಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಗುರು, ಉಸ್ತಾದ್ ದಾವಲ್‌ಸಾಬ್. ಬಾಗಿಲು ತುಂಬುವ ಆಳು. ಆದರೆ ಅಂದು ಟೋಪಿಯನ್ನು ಕೈಯಲ್ಲಿ ಹಿಚುಕುತ್ತ ಮುದುರಿ ಕೂತಿದ್ದರು.

ಮಹಿಷಿ ಬಟ್ಟೆ ತೆಗೆಸಿ ನೋಡಿದರು. ಕಣ್ಣು ಕೆಂಡದಂತಿತ್ತು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ, ಅಂದರೆ ಕಾರ್ನಿಯಾದಲ್ಲಿ, ಬೂದು ಬಣ್ಣದ ಹುಣ್ಣೊಂದು ಕಟ್ಟಿತ್ತು. ಅದರ ಕೆಳಗೆ ಕೀವಿನ ಗೆರೆ.

“ಮಣ್ಣು ಬಿತ್ತೇನ ಕಣ್ಣಾಗ?” ಎಂದು ಕೇಳಿದರು ಮಹಿಷಿ.

ಜನಾಬಾಯಿ ಉಸ್ತಾದರ ಕಡೆ ನೋಡಿ, ತಲೆ ತಗ್ಗಿಸಿ ಹೇಳಿದಳು. “ಲೆನ್ಸ್ ಹಾಕ್ಕೊಂಡಿದ್ನಿರಿ.”

“ಲೆನ್ಸ?” ಉಸ್ತಾದರು ತಿರುಗಿದರು. “ಯಾವ ಲೆನ್ಸ?”

“ನನಗ ದೂರದ್ದು ಕಾಣೂದಿಲ್ರಿ ಉಸ್ತಾದ್ರ. ಚಷ್ಮಾ ಹಾಕ್ಕೊಂಡ್ರ ಕುಸ್ತಿ ಬಿಡಸ್ತೀರಿ ಅಂತ ಹೇಳಿರಲಿಲ್ರಿ. ಲೆನ್ಸ್ ತೊಳಿಯೂ ಔಷಧದ ನೀರು ತೀರಿದಾಗ ಬೋರಿನ ನೀರಾಗ ತೊಳದ್ನಿರಿ.”

“ಯಾ ಅಲ್ಲಾ,” ಎಂದರು ದಾವಲ್‌ಸಾಬ್. ಬೈಯಲು ಬಾಯಿ ತೆರೆದವರು ಬೈಯಲಿಲ್ಲ. “ಹುಚ್ಚಿ, ನಾ ಅಂಥಾವ ಅನ್ಕೊಂಡೇನ?” ಎಂದಷ್ಟೇ ಹೇಳಿ ಅವಳ ತಲೆಯ ಮೇಲೆ ಕೈಯಿಟ್ಟರು.

ಊರಿನ ಔಷಧದಂಗಡಿಯ ಎರಡು ಬಗೆಯ ಹನಿಗಳನ್ನು ಆಗಲೇ ಬಿಟ್ಟಾಗಿತ್ತು. ಯಾವುದೂ ನಾಟಿರಲಿಲ್ಲ. ಮಹಿಷಿ ಹುಣ್ಣಿನ ಅಂಚಿನಿಂದ ಚೂರೇ ಚೂರು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಆಸ್ಪತ್ರೆಯಲ್ಲಿದ್ದ ಅತಿ ಜೋರಿನ ಹೊಸ ಹನಿಯನ್ನು ಗಂಟೆಗೊಮ್ಮೆ ಬಿಡಲು ಹೇಳಿ ಹುಡುಗಿಯನ್ನು ವಾರ್ಡಿಗೆ ಸೇರಿಸಿಕೊಂಡರು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಇಂದುಮತಿ ಗುರುತು ಹಿಡಿದಳು. ಅದು ನೀರಿನಲ್ಲಿ ವಾಸಿಸುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಕಾರ್ನಿಯಾವನ್ನು ಕರಗಿಸಿ ತೂತು ಮಾಡಲು ಅದಕ್ಕೆ ಬಹಳ ದಿನ ಬೇಕಿಲ್ಲ. ಅವಳು ಮಾದರಿಯ ಒಂದು ಪಾಲನ್ನು ಆಲಿಯ ಚಿಪ್ಪಿಗೆ ಹಾಕಿ, ಫ್ಯಾನು ನಿಲ್ಲಿಸಿ, ಬಾಗಿಲಿಗೆ ‘ಮೆಲ್ಲಗೆ’ ಎಂಬ ಫಲಕ ತೂಗುಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂತಳು.

ಎಂಟೂ ಕುಳಿಗಳಲ್ಲಿ ಗಿಜಿಗಿಜಿ ಸದ್ದು ಶುರುವಾಯಿತು. ಒಂದೇ ಬಾಲವನ್ನು ರಭಸದಿಂದ ತಿರುಗಿಸುವ ಜೀವಿಯ ಸದ್ದು, ಜೀರುಂಡೆ ಡಬ್ಬಿಯೊಳಗೆ ಸಿಕ್ಕಿಕೊಂಡಂತೆ. ಅವಳು ಎಂಟು ಹನಿಗಳನ್ನು ಒಂದೊಂದಾಗಿ ಬಿಟ್ಟಳು. ವಾರ್ಡಿನಲ್ಲಿ ಹುಡುಗಿಗೆ ಬಿಡುತ್ತಿದ್ದ ಹೊಸ ಹನಿಯೂ ಅದರಲ್ಲಿತ್ತು.

ಗಂಟೆ ಕಳೆಯಿತು. ಕಂಪ್ಯೂಟರು ಎಂಟರ ಮುಂದೆಯೂ ಒಂದೇ ಮಾತು ತೋರಿಸಿತು: ಜೀವಂತ.

ಅವಳು ಮಹಿಷಿಯವರ ಕೋಣೆಗೆ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂಟಕ್ಕ ಎಂಟೂ ಕೆಲಸಾ ಮಾಡೂದಿಲ್ಲ ಅಂತೀಯಾ? ಹಂಗಾದ್ರ ಕೆಟ್ಟಿದ್ದು ನಿನ್ನ ಮಷೀನು ಇರಬೇಕು.”

“ಇರಬಹುದ್ರಿ ಸರ್. ಆದ್ರ ಇರಲಿಕ್ಕಿಲ್ಲ.”

“ನಾಳೆ ತನಕ ನೋಡೂಣು. ಈ ಹನಿ ಇಲ್ಲೀ ತನಕ ನನಗ ಕೈ ಕೊಟ್ಟಿಲ್ಲ.”

ಆ ಸಂಜೆ ಇಂದುಮತಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಎಣ್ಣೆಗಾಯಿ ಬದನೆಯ ಘಮ ತುಂಬಿತ್ತು. ಕಾಡಿನಿಂದ ಬೆಳಿಗ್ಗೆಯಷ್ಟೇ ಮರಳಿದ್ದ ಚನ್ನವೀರ ನೆಲದ ಮೇಲೆ ವೈರುಗಳನ್ನು ಹರಡಿಕೊಂಡಿದ್ದ. ಅವಳು ಊಟಕ್ಕೆ ಕೂತು ಜನಾಬಾಯಿಯ ಸಂಗತಿ ಹೇಳಿದಳು. ಶಾವಂತ್ರವ್ವ ಕೇಳಿ ಮುಗಿಸಿ, ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನಿಂದ ಒಂದು ಸ್ಟೀಲಿನ ಡಬ್ಬಿ ತಂದು ಮುಂದಿಟ್ಟರು. ಅದರ ತುಂಬ ಅರ್ಧರ್ಧ ಬಳಸಿದ ಕಣ್ಣಿನ ಬಾಟಲಿಗಳು.

“ನೋಡವಾ, ಇದರಾಗ ಯಾವುದರ ನಡೀತೈತೇನ. ಆ ಹುಡುಗೀಗಿ ಒಯ್ದು ಕೊಡು.”

“ಅತ್ತೀ! ಇವನ್ನೆಲ್ಲಾ ಯಾವಾಗಿಂದ ಇಟ್ಟೀರಿ?”

“ಹಾಳು ಮಾಡಬಾರದಂತ ಇಟ್ಟೀನಿ. ಕಣ್ಣು ಚುರುಚುರು ಅಂದಾಗ ಒಂದೊಂದು ಹನಿ ಬಿಟ್ಕೊತೀನಿ.”

“ಯಾವುದು?”

“ಯಾವುದು ಕೈಗೆ ಸಿಗ್ತೈತೋ ಅದು.”

ಇಂದುಮತಿ ಹಣೆ ಬಡಿದುಕೊಂಡಳು, ಅದೇ ಹೊತ್ತಿಗೆ ನಕ್ಕೂಬಿಟ್ಟಳು. ನಾಲ್ಕು ವರ್ಷದಿಂದ ಅವಳು ಯಾವ ಅಭ್ಯಾಸದ ವಿರುದ್ಧ ಭಾಷಣ ಮಾಡುತ್ತಿದ್ದಳೋ ಅದು ಅವಳ ಮನೆಯ ಫ್ರಿಜ್ಜಿನಲ್ಲೇ ತಣ್ಣಗೆ ಕೂತಿತ್ತು. ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದಳು. ಶಾವಂತ್ರವ್ವ ಮಗನ ಮೋರೆ ನೋಡಿದರು. ಮಗ ಮೋರೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ಊಟವಾದ ಮೇಲೆ ಚನ್ನವೀರ, “ಆ ಸದ್ದು ನನಗೊಮ್ಮೆ ಕೇಳಸ್ತೀಯೇನು? ಎಂಟೂ ಬಿಡಿಬಿಡಿಯಾಗಿ,” ಎಂದ.

ಅವಳು ಲ್ಯಾಪ್‌ಟಾಪಿನಲ್ಲಿ ಹಾಕಿ ಕೊಟ್ಟಳು. ಅವನು ಕಣ್ಣು ಮುಚ್ಚಿ, ಮರಕುಟಿಗನ ಸದ್ದಿಗೆ ಕಾಯುವವನಂತೆ ಕೂತ. ಒಂದು, ಎರಡು, ಮೂರು ಕೇಳಿ ತಲೆಯಾಡಿಸಿದ. ಆರನೆಯದಕ್ಕೆ ಬಂದಾಗ ಹುಬ್ಬು ಗಂಟಿಕ್ಕಿ ಹಿಂದಕ್ಕೆ ಹೋಗಿ ಮತ್ತೆ ಕೇಳಿದ.

“ಇಂದು, ಇದು ನಡುವ ಮುಗ್ಗರಿಸೇತಿ.”

“ಏನಂದ್ರಿ?”

“ಕೇಳು. ಜೋರು ಬರ್ತೈತಿ, ಇಲ್ಲಿ ತ್ರಾಣ ಹೋದಂಗ ಆಗ್ತೈತಿ, ಆಮ್ಯಾಲ ಸಾವರಿಸ್ಕೊಂಡು ಮತ್ತ ಎದ್ದೈತಿ. ಉಳಿದ ಏಳೂ ಹಂಗಿಲ್ಲ. ಅವು ಮದುವಿ ಮನ್ಯಾಗಿನ ಮಂದಿ ಇದ್ದಂಗ ಅದಾವು, ಯಾರಿಗೂ ಏನೂ ಆಗಿಲ್ಲ.”

ಇಂದುಮತಿ ಹೆಡ್‌ಫೋನ್ ಕಸಿದುಕೊಂಡಳು. ನಿಜ. ಕಂಪ್ಯೂಟರಿಗೆ ಅವಳು ಕಲಿಸಿದ್ದು ಎರಡೇ ಮಾತು, ಜೀವಂತ ಅಥವಾ ಸತ್ತಿದೆ. ನಡುವಿನ ಸ್ಥಿತಿಯೊಂದಿದೆ ಎಂದು ಅದಕ್ಕೂ ಹೇಳಿಕೊಟ್ಟಿರಲಿಲ್ಲ, ತಾನೂ ಆ ಮಧ್ಯಾಹ್ನದ ಗಾಬರಿಯಲ್ಲಿ ಪರದೆಯನ್ನೇ ನೋಡುತ್ತ ಕೂತಿದ್ದಳು. ಆರನೆಯ ಕುಳಿಯಲ್ಲಿದ್ದುದು ಪಾಲಿಮಿಕ್ಸಿನ್. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುವ ಹಳೆಯ ಔಷಧ. ಈ ಗಟ್ಟಿಗ ತಳಿಯ ಗೋಡೆಯನ್ನು ಅದು ಒಡೆಯಿತು, ಆದರೆ ಒಳಗಿದ್ದದ್ದನ್ನು ಕೊಲ್ಲಲಾಗಲಿಲ್ಲ. ಬ್ಯಾಕ್ಟೀರಿಯಾ ಗೋಡೆಗೆ ತೇಪೆ ಹಚ್ಚಿಕೊಂಡು ಎದ್ದಿತು.

“ಬಾಗಿಲಾ ಒಡದು ಕೊಡ್ತೈತಿ,” ಎಂದಳು ಅವಳು, ತನಗೇ ಹೇಳಿಕೊಂಡಂತೆ. “ಒಳಗ ಹೋಗಿ ಹೊಡಿಯಾಕ ಇನ್ನೊಂದು ಬೇಕು.”

ಮರುದಿನ ಬೆಳಿಗ್ಗೆ ಅವಳು ಪ್ರಯೋಗಾಲಯದ ಬೀಗ ತೆಗೆಯುವ ಮೊದಲೇ ಡಾಕ್ಟರ್ ಮಹಿಷಿ ಅಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು.

“ಹುಣ್ಣು ದೊಡ್ಡದಾಗೇದ,” ಎಂದರು. ದನಿಯಲ್ಲಿ ಖಾರವಿರಲಿಲ್ಲ. “ಒಂದ ರಾತ್ರಿಯೊಳಗ. ಹಳೇ ಪರೀಕ್ಷಾದ ವರದಿ ಬರಲಿಕ್ಕೆ ಇನ್ನೂ ಎರಡು ದಿನಾ ಬೇಕು, ಅಲ್ಲೀ ತನಕ ಈ ಕಣ್ಣು ತಡಿಯೂದಿಲ್ಲ. ನಿನ್ನ ಸಂಗೀತ ಹಚ್ಚು ನೋಡೂಣು.”

ಅವಳು ಆರನೆಯ ಕುಳಿಯ ಸದ್ದು ಕೇಳಿಸಿದಳು. ಅವರು ಕಣ್ಣು ಕಿರಿದು ಮಾಡಿ ಎರಡು ಸಲ ಕೇಳಿದರು, ನಂತರ ನೈತಿಕ ಸಮಿತಿಯ ಅಧ್ಯಕ್ಷರಿಗೆ ಫೋನು ಹಚ್ಚಿದರು. ಅತ್ತಣಿಂದ ಬಂದ ಮಾತು ಸ್ಪಷ್ಟವಾಗಿತ್ತು. ಬೇರೆ ದಾರಿಯಿಲ್ಲದಾಗ, ರೋಗಿ ಎಲ್ಲವನ್ನೂ ತಿಳಿದು ತಾನಾಗಿ ಒಪ್ಪಿದರೆ, ಆಗಬಹುದು.

ಇಬ್ಬರೂ ವಾರ್ಡಿಗೆ ಹೋದರು. ಜನಾಬಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೋವಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಇಂದುಮತಿ ಮಂಚದ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂಟಿಯಾಗಿ ಯಾವ ಹನಿಯೂ ನಿನ್ನ ಕಣ್ಣಿಗೆ ನಾಟುತ್ತಿಲ್ಲ, ಎರಡನ್ನು ಜೋಡಿಸಿ ನೋಡಬೇಕೆಂದಿದ್ದೇವೆ, ಯಾವ ಎರಡು ಎಂದು ಹೇಳುವ ಉಪಕರಣ ಹೊಸದು, ಇದುವರೆಗೆ ಯಾರ ಚಿಕಿತ್ಸೆಗೂ ಅದನ್ನು ನೆಚ್ಚಿಲ್ಲ.

“ತಪ್ಪಿದ್ರ?” ಎಂದು ಕೇಳಿದರು ದಾವಲ್‌ಸಾಬ್.

“ತಪ್ಪಿದ್ರ ಕಣ್ಣು ಹೋಗಬಹುದ್ರಿ,” ಎಂದಳು ಇಂದುಮತಿ. “ಸುಮ್ಮನಿದ್ರೂ ಹೋಗಬಹುದು.”

ಉಸ್ತಾದರು ಹುಡುಗಿಯ ಕಡೆ ನೋಡಿದರು. ಅವಳು ಎದ್ದು ಕೂತು, ತೆರೆದಿದ್ದ ಒಂದೇ ಕಣ್ಣಿನಿಂದ ಇಂದುಮತಿಯನ್ನು ದಿಟ್ಟಿಸಿದಳು.

“ಮೇಡಮ್ಮಾರ, ನನಗೂ ಆ ಸದ್ದ ಕೇಳಸ್ತೀರೇನ್ರಿ?”

ಇದುವರೆಗೆ ಯಾವ ರೋಗಿಯೂ ಹಾಗೆ ಕೇಳಿರಲಿಲ್ಲ. ಇಂದುಮತಿ ಲ್ಯಾಪ್‌ಟಾಪು ತರಿಸಿ ಹೆಡ್‌ಫೋನನ್ನು ಅವಳ ಕಿವಿಗಿಟ್ಟಳು. ಜನಾಬಾಯಿ ಉಸಿರು ಬಿಗಿಹಿಡಿದು ಆಲಿಸಿದಳು. ನಿಧಾನವಾಗಿ ತುಟಿಯ ಒಂದು ಕೊನೆ ಮೇಲೆದ್ದಿತು.

“ಇದ ಏನ್ರಿ ಅದು? ನನ್ನ ಕಣ್ಣಾಗ ಕುಂತದ್ದು ಇದ?”

“ಹೌದು, ಇದ.”

“ಇಷ್ಟ ಪುಟಾಣಿ ಸದ್ದ ಮಾಡೂದು, ಇಷ್ಟ ಸೊಕ್ಕೇನ್ರಿ ಇದಕ್ಕ? ಉಸ್ತಾದ್ರ, ಕೇಳ್ರಿಲ್ಲೆ, ನೊಣಾ ಸಿಟ್ಟಿಗೆದ್ದಂಗ ಐತಿ!” ಅವಳು ನಕ್ಕಳು. ನಕ್ಕಾಗ ಕಣ್ಣು ನೊಂದು “ಅಯ್ಯಯ್ಯೋ” ಎಂದಳು, ಮತ್ತೆ ನಕ್ಕಳು. “ನನಗ ಏನೋ ದೆವ್ವನ ಹೊಕ್ಕಂಡೈತಿ ಅಂತ ಅಂಜಿದ್ನಿರಿ. ನಾ ಸಹಿ ಮಾಡ್ತೀನ್ರಿ. ಜೋಡಿ ಮಾಡಿ ಹೊಡೀರಿ ಅದನ್ನ.”

ಒಳ್ಳೆಯ ಚಿಪ್ಪು ಒಂದೇ ಉಳಿದಿತ್ತು. ಇಂದುಮತಿ ಏಳು ಕುಳಿಗಳಲ್ಲಿ ಪಾಲಿಮಿಕ್ಸಿನ್ ಹಾಕಿ, ಒಂದೊಂದಕ್ಕೆ ಒಂದೊಂದು ಜೊತೆಗಾರ ಹನಿ ಸೇರಿಸಿದಳು. ಎಂಟನೆಯದಕ್ಕೆ ಬರೀ ಉಪ್ಪುನೀರು. ಅಲ್ಲಿ ಸದ್ದು ನಿಂತರೆ ಉಪಕರಣವೇ ಕೆಟ್ಟಿದೆ ಎಂದು ತಿಳಿಯಬೇಕು. ಮಹಿಷಿ ಪಕ್ಕದ ಸ್ಟೂಲಿನ ಮೇಲೆ ಕೂತರು. ಸ್ಟೂಲು ಕಿರುಗುಟ್ಟೀತೆಂದು ಅಲುಗಾಡಲಿಲ್ಲ.

ಮೊದಮೊದಲು ಏಳೂ ಕುಳಿಗಳು ಮುಗ್ಗರಿಸಿದವು. ಆಮೇಲೆ ಒಂದೊಂದೇ ಸಾವರಿಸಿಕೊಂಡು ಏಳತೊಡಗಿದವು. ಮೊದಲನೆಯದು ಎದ್ದಿತು. ಎರಡನೆಯದು ಎದ್ದಿತು. ಹೊಸ ಹನಿಯ ಜೊತೆಯಿದ್ದದ್ದೂ ಎದ್ದು ಗಿಜಿಗುಟ್ಟಿತು. ತಾನು ಆಸೆ ಹುಟ್ಟಿಸಿ ಬಂದ ಆ ಹುಡುಗಿಯ ಮುಂದೆ ಮತ್ತೆ ಹೋಗಿ ನಿಲ್ಲುವುದು ಹೇಗೆ ಎಂದು ಇಂದುಮತಿಯ ಮನಸ್ಸು ಆಗಲೇ ಮಾತು ಹುಡುಕುತ್ತಿತ್ತು.

ಐದನೆಯ ಕುಳಿ ಮಾತ್ರ ಏಳಲಿಲ್ಲ. ಅದರ ಸದ್ದು ತಗ್ಗಿತು, ಇನ್ನೂ ತಗ್ಗಿತು, ಬಿಟ್ಟುಬಿಟ್ಟು ಬಂದಿತು. ಕೊನೆಗೆ ಟಪ್ ಎಂದು ಒಂದು ಸಲ. ಅಷ್ಟೇ.

ಇಂದುಮತಿ ಎಂಟನೆಯದನ್ನು ಹಚ್ಚಿ ನೋಡಿದಳು. ಉಪ್ಪುನೀರಿನಲ್ಲಿ ಬ್ಯಾಕ್ಟೀರಿಯಾ ಭರಾಟೆಯಿಂದ ಬಾಲ ಬಡಿಯುತ್ತಿತ್ತು. ಉಪಕರಣ ಸರಿಯಾಗಿತ್ತು. ಮತ್ತೆ ಐದನೆಯದು. ಮೌನ.

“ಯಾವುದದು ಐದನೇದು?” ಎಂದು ಮಹಿಷಿ ಪಿಸುದನಿಯಲ್ಲಿ ಕೇಳಿದರು.

“ಕ್ಲೋರಾಂಫೆನಿಕಾಲ್ರಿ ಸರ್.”

ಮಹಿಷಿ ಸ್ಟೂಲಿನಿಂದ ಎದ್ದೇಬಿಟ್ಟರು. “ನಮ್ಮಜ್ಜಿ ಕಾಲದ ಹನಿ! ಸ್ಯೂಡೊಮೊನಾಸಿಗೆ ಅದು ನಾಟೂದಿಲ್ಲಂತ ಹುಡುಗರಿಗೆ ಮೊದಲನೇ ವರ್ಷನ ಹೇಳಿಕೊಡ್ತೀವಿ.”

“ಒಂಟಿಯಾಗಿ ನಾಟೂದಿಲ್ರಿ. ಗೋಡೆ ದಾಟಿ ಒಳಗ ಹೋಗಾಕ ಬರೂದಿಲ್ಲ ಅದಕ್ಕ. ಬಾಗಿಲಾ ಒಡದು ಕೊಟ್ರ ಹೋಗ್ತೈತಿ.”

“ಹೋಗೇದಲ್ಲ! ಹೋಗೇ ಬಿಟ್ಟದಲ್ಲ!” ಎಂದು ಅವರು ‘ಮೆಲ್ಲಗೆ’ ಎಂಬ ಫಲಕವಿದ್ದ ಬಾಗಿಲನ್ನು ಧಡಾರನೆ ತೆಗೆದು ಔಷಧಾಲಯದ ಕಡೆ ಓಡಿದರು.

ಅಲ್ಲೊಂದು ತಮಾಷೆ ಕಾದಿತ್ತು. ಹೊಸ ಹೊಸ ಹನಿಗಳಿಂದ ತುಂಬಿದ್ದ ಆಸ್ಪತ್ರೆಯ ಕಪಾಟಿನಲ್ಲಿ ಆ ಹಳೆಯ ಹನಿ ಒಂದೂ ಇರಲಿಲ್ಲ. ಯಾರೂ ಬರೆಯದ ಔಷಧವನ್ನು ಯಾರು ತರಿಸುತ್ತಾರೆ? ಪ್ರಯೋಗಾಲಯದಲ್ಲಿದ್ದದ್ದು ಪರೀಕ್ಷೆಯ ಪುಡಿ, ಕಣ್ಣಿಗೆ ಹಾಕುವಂಥದ್ದಲ್ಲ. ಇಂದುಮತಿ ಚನ್ನವೀರನಿಗೆ ಫೋನು ಮಾಡಿದಳು. ಅವನು ಸ್ಕೂಟರು ಹತ್ತಿ ಹೊರಟ. ದುರ್ಗದಬೈಲು, ದಾಜಿಬಾನ ಪೇಟೆ, ಕೊಪ್ಪೀಕರ ರಸ್ತೆ, ಅಂಗಡಿಯಿಂದ ಅಂಗಡಿಗೆ. ಕೆಲವರು ಹೆಸರೇ ಕೇಳಿರಲಿಲ್ಲ. ಒಬ್ಬ ಅಂಗಡಿಯವನು, “ಅದಕ್ಕಿಂತ ಛಲೋದು ಕೊಡ್ತೀನ್ರಿ,” ಎಂದು ಬೇರೆಯದನ್ನು ಕಟ್ಟಲು ಹೊರಟ.

ಇತ್ತ ಶಾವಂತ್ರವ್ವ ಮನೆಯಿಂದ ಸೊಸೆಗೆ ಫೋನು ಮಾಡಿದರು. “ಏನೋ ಹುಡಕಾಕತ್ತಾನಂತಲ್ಲ ಚನ್ನ? ನನ್ನ ಡಬ್ಬಿಯೊಳಗ ಇತ್ತದು. ನೀನ ಚೀಲದಾಗ ತುಂಬಿದಿ.”

“ಅತ್ತೀ, ಅದರ ಅವಧಿ ಮುಗದು ಎಷ್ಟ ವರ್ಷ ಆಗೈತೋ ಏನೋ!”

“ಮುಗದಿರಲಿ. ಇತ್ತೋ ಇಲ್ಲೋ ಹೇಳು.”

“ಇತ್ರಿ,” ಎಂದು ಒಪ್ಪಿಕೊಂಡಳು ಇಂದುಮತಿ.

ಕೊನೆಗೆ ಧಾರವಾಡದ ಸುಭಾಸ ರಸ್ತೆಯ ಸಣ್ಣದೊಂದು ಅಂಗಡಿಯಲ್ಲಿ ಹೊಸ ಸರಕಿನ ಬಾಟಲಿಗಳು ಸಿಕ್ಕವು. ಸುತ್ತಲಿನ ಹಳ್ಳಿಯ ಹಿರಿಯರು ಇನ್ನೂ ಅದನ್ನೇ ಕೇಳುತ್ತಾರೆಂದು ಅಂಗಡಿಯಾಕೆ ತರಿಸಿಡುತ್ತಿದ್ದಳು. ಚನ್ನವೀರ ಬಾಟಲಿಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಎಂದೂ ಇಲ್ಲದ ವೇಗದಲ್ಲಿ ಸ್ಕೂಟರು ಓಡಿಸಿ ಮಧ್ಯಾಹ್ನದ ಬಿಸಿಲಿಗೆ ಕೆಂಪಾಗಿ ವಾರ್ಡಿಗೆ ಬಂದ.

ಮೊದಲು ಪಾಲಿಮಿಕ್ಸಿನ್, ಐದು ನಿಮಿಷ ಬಿಟ್ಟು ಕ್ಲೋರಾಂಫೆನಿಕಾಲ್. ಹಗಲೂ ರಾತ್ರಿಯೂ ಗಂಟೆಗೊಮ್ಮೆ ಜೋಡಿ. ಸುದ್ದಿ ತಿಳಿದು ಗರಡಿಯ ಹುಡುಗಿಯರು ಹಳಿಯಾಳದಿಂದ ಬಸ್ಸು ಹಿಡಿದು ಬಂದರು. ನರ್ಸುಗಳಿಂದ ಹನಿ ಬಿಡುವುದನ್ನು ಕಲಿತು ಪಾಳಿ ಹಂಚಿಕೊಂಡರು. ಜನಾಬಾಯಿ ಉರಿಗೆ ರೆಪ್ಪೆ ಮುಚ್ಚಿದರೆ, ಒಬ್ಬಳು ಭುಜ ಒತ್ತಿ ಹಿಡಿಯುವಳು, ಇನ್ನೊಬ್ಬಳು ರೆಪ್ಪೆ ಬಿಡಿಸುವಳು.

“ಚಿತ್! ಚಿತ್!” ಎಂದು ಮಂಚದ ಸುತ್ತ, ಅಖಾಡದಲ್ಲಿ ಎದುರಾಳಿ ಅಂಗಾತ ಬಿದ್ದಾಗ ಏಳುವಂಥ ಕೂಗು ಏಳುವುದು. ಪಕ್ಕದ ಮಂಚದ ಪೊರೆ ತೆಗೆಸಿಕೊಂಡ ಅಜ್ಜಿಯೊಬ್ಬರು ಎದ್ದು ಕೂತು ಚಪ್ಪಾಳೆ ತಟ್ಟುವರು. ಮುಖ್ಯ ನರ್ಸು ಗದರಿಸಲು ಬಂದು, ತಾನೂ ಒಂದು ಪಾಳಿ ನಿಂತು ಹೋಗುವಳು.

ಮೊದಲನೆಯ ದಿನ ಏನೂ ತೋರಲಿಲ್ಲ. ಇಂದುಮತಿ ಪ್ರಯೋಗಾಲಯದಿಂದ ವಾರ್ಡಿಗೆ, ವಾರ್ಡಿನಿಂದ ಪ್ರಯೋಗಾಲಯಕ್ಕೆ ನಡೆದಾಡಿದಳು. ಎರಡನೆಯ ಬೆಳಿಗ್ಗೆ ಜನಾಬಾಯಿ ಎದ್ದವಳು, “ಹಸಿವಾಗೇತಿ,” ಎಂದಳು. ನೋವಿಗೆ ಮೂರು ದಿನದಿಂದ ಸರಿಯಾಗಿ ಉಣ್ಣದ ಹುಡುಗಿ ಇಡ್ಲಿಯ ಮೇಲೆ ಇಡ್ಲಿ ತಿಂದಳು. ಮಹಿಷಿ ಅವಳ ಗದ್ದವನ್ನು ಕಣ್ಣು ನೋಡುವ ಯಂತ್ರದ ಮೇಲಿರಿಸಿ ಬೆಳಕು ಬಿಟ್ಟು ಕಣ್ಣೊಳಗೆ ನೋಡಿದರು. ನೋಡುತ್ತಲೇ ಇದ್ದರು. ಹಿಂದೆ ನಿಂತವರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

“ಸಾಹೇಬ್ರ, ಏನರ ಹೇಳ್ರಿ,” ಎಂದರು ದಾವಲ್‌ಸಾಬ್.

“ಕೀವು ಇಳದದ. ಹುಣ್ಣಿನ ಅಂಚು ಒಣಗಲಿಕ್ಕೆ ಹತ್ತೇದ.” ಮಹಿಷಿ ತಿರುಗಿದಾಗ ಅವರ ಕಣ್ಣೇ ಒದ್ದೆಯಾಗಿತ್ತು. “ಇಂದುಮತಿ, ಎಲ್ಲಿದ್ದೀಯಾ? ಬಾ ಇಲ್ಲೆ, ನೀನೂ ನೋಡು.”

ಅವಳು ನೋಡಿದಳು. ಮೊನ್ನೆ ಬೂದು ಮೋಡದಂತಿದ್ದ ಪಟಲದ ಒಂದು ಬದಿಯಲ್ಲಿ ಮಸುಕು ತಿಳಿಯಾಗಿ, ಅದರ ಹಿಂದಿನ ಕಂದು ಬಣ್ಣ ಇಣುಕುತ್ತಿತ್ತು. ಜನಾಬಾಯಿಯ ಕೈ ಹುಡುಕಿ ಹಿಡಿದುಕೊಂಡಳು. ಆ ಹುಡುಗಿಯ ಹಿಡಿತಕ್ಕೆ ಬೆರಳು ನೊಂದವು. ಬಿಡಿಸಿಕೊಳ್ಳಲಿಲ್ಲ.

ಅದೇ ಸಂಜೆ ಹಳೆಯ ಪರೀಕ್ಷೆಯ ವರದಿ ಬಂತು. ಒಂಟಿಯಾಗಿ ಯಾವ ಹನಿಗೂ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ ಎಂದು ಅದರಲ್ಲಿತ್ತು. ಮಹಿಷಿ ಅದನ್ನು ಓದಿ ಇಂದುಮತಿಯ ಮೇಜಿನ ಮೇಲಿಟ್ಟು, “ಇನ್ನ ಮ್ಯಾಲೆ ನನ್ನ ಹುಣ್ಣಿನ ಪೇಶಂಟೆಲ್ಲಾ ಮೊದಲು ನಿನ್ನ ಸಂಗೀತಕ್ಕ ಬರ್ತಾರ. ಸಮಿತಿಗೆ ನಾನ ಬರೀತೀನಿ,” ಎಂದರು. ಹೊರಟವರು ಬಾಗಿಲ ಬಳಿ ನಿಂತು ಕೇಳಿದರು. “ನಡುವ ಮುಗ್ಗರಿಸಿದ್ದು ಕಂಪ್ಯೂಟರಿಗೆ ಯಾವಾಗ ಕಲಸ್ತೀ?”

“ನಿನ್ನೆನ ಕಲಸೀನ್ರಿ.”

ಆ ವಾರದ ಕೊನೆಗೆ ಇಂದುಮತಿಯ ಮನೆಯಲ್ಲಿ ಹೋಳಿಗೆ ಆಯಿತು. ಶಾವಂತ್ರವ್ವ ಹೂರಣ ರುಬ್ಬುತ್ತ, ತಮ್ಮ ಕಣ್ಣು ಚುರುಚುರು ಅನ್ನುವುದನ್ನೂ ಆ ಉಪಕರಣಕ್ಕೆ ತೋರಿಸಬೇಕೆಂದು ಹಟ ಹಿಡಿದರು. ಸೊಸೆ ಮಾದರಿ ತೆಗೆದು ನೋಡಿದಳು. ಯಾವ ಬ್ಯಾಕ್ಟೀರಿಯಾವೂ ಇರಲಿಲ್ಲ. ಕಣ್ಣು ಒಣಗುತ್ತಿತ್ತು, ಅಷ್ಟೇ.

“ಹಂಗಾದ್ರ ಇಷ್ಟ ದಿನ ನಾ ಬಿಟ್ಕೊಂಡದ್ದೆಲ್ಲಾ?”

“ಸುಮ್ಮನ ಬಿಟ್ಕೊಂಡ್ರಿ ಅತ್ತೀ.”

ಶಾವಂತ್ರವ್ವ ಒಂದು ಗಳಿಗೆ ಪೆಚ್ಚಾದರು. ಮರುದಿನ ಓಣಿಯ ಹೆಂಗಸರನ್ನೆಲ್ಲ ಕಟ್ಟೆಗೆ ಕರೆದು, ಅರ್ಧ ಬಾಟಲಿ ಇಟ್ಟುಕೊಳ್ಳುವುದು ಎಂಥ ಮೂರ್ಖತನ ಎಂದು ವಿವರಿಸಿದರು. ಸೊಸೆಯ ಭಾಷಣಗಳಿಗಿಂತ ಅದು ಎಷ್ಟೋ ಚೆನ್ನಾಗಿ ನಾಟಿತು. ಓಣಿಯ ಫ್ರಿಜ್ಜುಗಳೆಲ್ಲ ಖಾಲಿಯಾದವು.

ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ಜನಾಬಾಯಿ ಕೊನೆಯ ತಪಾಸಣೆಗೆ ಬಂದಳು. ಹುಣ್ಣು ಮಾಗಿ, ಕರಿಗುಡ್ಡೆಯ ಅಂಚಿನಲ್ಲಿ ನೋಟಕ್ಕೆ ಅಡ್ಡ ಬಾರದ ಮಸುಕು ಕಲೆಯೊಂದು ಉಳಿದಿತ್ತು. ಮೂಗಿನ ಮೇಲೆ ಹೊಸ ಕನ್ನಡಕ. ಗರಡಿಯಲ್ಲಿ ತಾಲೀಮು ಶುರುವಾಗಿತ್ತು. ಆ ವರ್ಷದ ಪಂದ್ಯ ತಪ್ಪಿತ್ತು. ಮುಂದಿನ ವರ್ಷದ್ದಕ್ಕೆ ಉಸ್ತಾದರು ಅವಳ ಹೆಸರನ್ನು ಆಗಲೇ ಕೊಟ್ಟುಬಿಟ್ಟಿದ್ದರು.

ಮಹಿಷಿ ಅವಳನ್ನು ಅಕ್ಷರಗಳ ಫಲಕದ ಎದುರು ದೂರದಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿಸಿದರು. ಇಂದುಮತಿ ಪ್ರಯೋಗಾಲಯದಿಂದ ಇಳಿದು ಬಂದು ಗೋಡೆಗೆ ಒರಗಿ ನಿಂತಿದ್ದಳು. ಉಸ್ತಾದರು ಟೋಪಿ ಹಿಚುಕುತ್ತ ನಿಂತಿದ್ದರು.

“ಓದು.”

ಜನಾಬಾಯಿ ಮೇಲಿನ ದೊಡ್ಡ ಅಕ್ಷರದಿಂದ ಶುರು ಮಾಡಿದಳು. ಎರಡನೆಯ ಸಾಲು, ಮೂರನೆಯ ಸಾಲು. ದನಿ ಗಟ್ಟಿಯಾಗುತ್ತ ಹೋಯಿತು. ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ತಡವರಿಸದೆ ಓದಿದಳು. ಇಂದುಮತಿ ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಹುಡುಗಿ ಇನ್ನೂ ಮುಂದುವರಿದಳು.

“ಮುದ್ರಣ, ನವಚೇತನ ಪ್ರೆಸ್, ಗದಗ.”

ಮಹಿಷಿ ಫಕ್ಕನೆ ನಕ್ಕರು. “ಪ್ರೆಸ್ಸಿನ ಹೆಸರು ಓದು ಅಂತ ಯಾರು ಹೇಳಿದ್ರು ನಿನಗ? ಇಷ್ಟ ವರ್ಷದೊಳಗ ಅದನ್ನ ಒಬ್ಬರೂ ಓದಿಲ್ಲ!”

“ಕಂಡದ್ದನ್ನ ಓದಿದ್ನಿರಿ ಸರ್. ಕಾಣಾಕತ್ತೈತಲ್ರಿ,” ಎಂದಳು ಜನಾಬಾಯಿ. ಕನ್ನಡಕದ ಹಿಂದೆ ಎರಡೂ ಕಣ್ಣುಗಳು ತುಂಬಿ ಬಂದಿದ್ದವು.

ದಾವಲ್‌ಸಾಬ್ ನಂಬಲಿಲ್ಲ. “ಎಲ್ಲೈತಿ? ಎಲ್ಲಿ ಬರದಾರ?” ಎಂದು ಫಲಕದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು ಹೆಜ್ಜೆ ಬಂದರು. ಮೂಗು ಫಲಕಕ್ಕೆ ತಾಗುವಷ್ಟು ಬಗ್ಗಿ, ಹಿಂದೆ ಸರಿದು, ಮತ್ತೆ ಬಗ್ಗಿದರು.

“ಇಲ್ಲೆ ಏನೂ ಇಲ್ಲಲ್ರಿ ಸಾಹೇಬ್ರ. ಬರೇ ಒಂದ ಗೆರಿ ಐತಿ.”

ಜನಾಬಾಯಿ ನಗು ತಡೆಯಲಾರದೆ ಬಾಯಿಗೆ ಕೈ ಒತ್ತಿಕೊಂಡಳು. ಮಹಿಷಿ ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಆ ಬಾಗಿಲು ತುಂಬುವ ಆಳಿನ ಭುಜ ಹಿಡಿದು ತಂದು ಅದೇ ಕುರ್ಚಿಯಲ್ಲಿ ಕೂರಿಸಿದರು.

“ಕೂಡ್ರಿ ಉಸ್ತಾದ್ರ. ಈಗ ನಿಮ್ಮ ಪಾಳಿ.”